ಕ್ಲಾರೆನ್ಸನ ಚೀಲದ ಗುಂಡು

ಚೀಲದಿಂದ ಮೊದಲು ಬಂದದ್ದು ಫೋನಿನ ಚಾರ್ಜರು. ಆಮೇಲೆ ಊಟದ ಡಬ್ಬಿ. ಆಮೇಲೆ ರೈಫಲಿನ ಒಂದು ಗುಂಡು.

ಬೆರಳಿಗಿಂತ ಉದ್ದ, ಹಿತ್ತಾಳೆಯ ಕವಚ, ಫಳಫಳ ಹೊಳಪು. ಮಲೇಷ್ಯಾದ ಕ್ಲಾಂಗ್ ಬಂದರಿನ ಪಕ್ಕದ ಆ ಕಟ್ಟಡದಲ್ಲಿ ಹೊರಗೆ ಹೊರಟವರ ಚೀಲ ತೆರೆಸಿ ನೋಡುವುದು ದಿನನಿತ್ಯದ ಕ್ರಮ. ಕಾವಲುಗಾರನ ಕೈ ಅಲ್ಲೇ ನಿಂತಿತು. ಗುಂಡನ್ನು ಮೇಜಿನ ಮೇಲಿಟ್ಟು, ಗೋಡೆಯ ಮೇಲಿದ್ದ ಒಂದು ಹಾಳೆಯ ಫೋಟೊ ಹೊಡೆದು, ಹೊರಗೆ ಹೋಗಿ ಗಾಜಿನ ಬಾಗಿಲಿಗೆ ಬೀಗ ಜಡಿದ.

"ಪೊಲೀಸ್ ಬರೋವರೆಗೆ ಯಾರೂ ಹೊರಗೆ ಹೋಗೋ ಹಾಗಿಲ್ವಂತೆ," ಎಂದಳು ಲಿಂಡಾ. ಕನ್ನಡಿಗರೇ ತುಂಬಿದ್ದ ಆ ಸರಕು ಸಾಗಣೆ ಕಚೇರಿಯ ಆಡಳಿತ ನೋಡಿಕೊಳ್ಳುವವಳು ಅವಳು.

ಒಳಗೆ ಉಳಿದವರು ಆರು ಜನ. ಆರರಲ್ಲಿ ನಾನೊಬ್ಬ. ಹೆಸರು ಶ್ರೀಪತಿ, ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸ. ನನ್ನ ಹೆಂಡತಿ ಡಾಕ್ಟರ್ ಜಲಜಾ ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ವಿಧಿವಿಜ್ಞಾನ ಕಲಿಸುತ್ತಾಳೆ. ಯಾರು ಹೇಗೆ ಸತ್ತರು ಎಂಬುದೇ ಅವಳ ಪಾಠ, ಅವಳನ್ನು ಕಾರಿನಲ್ಲಿ ಸುತ್ತಿಸುವುದು ನನ್ನ ಪಾಡು. ಮೈಸೂರಿನಿಂದ ಹಡಗಿನಲ್ಲಿ ಬಂದ ನಮ್ಮ ಸಾಮಾನು ಬಿಡಿಸಿಕೊಳ್ಳಲು ಬಂದಿದ್ದೆವು. ಹತ್ತೇ ನಿಮಿಷದ ಕೆಲಸ ಎಂದಿದ್ದ ಅದೇ ಕಚೇರಿಯ ಗೆಳೆಯ ಕ್ಲಾರೆನ್ಸ್. ಚೀಲ ಅವನದೇ.

ಈಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಈ ದೇಶದಲ್ಲಿ ಪರವಾನಗಿಯಿಲ್ಲದೆ ಒಂದೇ ಗುಂಡು ಸಿಕ್ಕರೂ ವರ್ಷಗಟ್ಟಲೆ ಜೈಲು.

"ದೇವರಾಣೆ ಅದು ನಂದಲ್ಲ ಮಾರಾಯ್ರೆ! ಆದ್ರೆ ಯಾರು ನಂಬ್ತಾರೆ? ಗೋಡೆ ಮೇಲೆ ನನ್ನ ಕೈಬರಹವೇ ಉಂಟಲ್ಲ!"

ನಿಜ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ತಿಂಗಳು ಕ್ಲಾರೆನ್ಸ್ ಆಸ್ಟ್ರೇಲಿಯಾದ ಡಾರ್ವಿನ್ ಶಾಖೆಗೆ ಮುಖ್ಯಸ್ಥನಾಗಿ ಹೊರಡುವವನಿದ್ದ. ಅಲ್ಲಿ ಪರವಾನಗಿ ಪಡೆದು, ಗುರಿ ಸ್ಪರ್ಧೆಗೆಂದು ತನ್ನದೇ ಅಳತೆಯ ರೈಫಲ್ ಮಾಡಿಸುವ ಹುಚ್ಚು ಅವನಿಗೆ. ಆರು ತಿಂಗಳಿಂದ ಒಂದೇ ಚರ್ಚೆ: ಯಾವ ಕ್ಯಾಲಿಬರ್, ಅಂದರೆ ಗುಂಡಿನ ದಪ್ಪ ಎಷ್ಟು? ಆರೂವರೆ ಮಿಲಿಮೀಟರಿನದಾದರೆ ಭುಜಕ್ಕೆ ಒದೆತ ಕಡಿಮೆ, ಗಾಳಿಗೂ ಅಷ್ಟಾಗಿ ವಾಲುವುದಿಲ್ಲ. ತ್ರೀ-ನಾಟ್-ಎಯ್ಟ್ ಆದರೆ ಗುಂಡು ಎಲ್ಲೆಡೆ ಸಿಗುತ್ತದೆ, ನಳಿಗೆ ಹೆಚ್ಚು ಕಾಲ ಬಾಳುತ್ತದೆ. ಮಗಳಿಗೆ ಗಂಡು ಹುಡುಕುವವರೂ ಇಷ್ಟು ಜಾತಕ ನೋಡಲಿಕ್ಕಿಲ್ಲ. ಕೊನೆಗೆ ಹೋದ ಶುಕ್ರವಾರ ಹಾಳೆಯಲ್ಲಿ .308ರ ಸುತ್ತ ಕೆಂಪು ವೃತ್ತ ಎಳೆದು, ಮಾಮಕ್ ಎಂಬ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದ್ದ. ಕಾವಲುಗಾರ ಫೋಟೊ ಹೊಡೆದದ್ದು ಆ ಹಾಳೆಯನ್ನೇ.

ಕ್ಲಾರೆನ್ಸನ ಫೋನು ಗುಂಯ್‌ಗುಟ್ಟಿತು. ಹೆಂಡತಿ ಲೊರೆಟ್ಟಾ. ಅವನು ಎತ್ತಲಿಲ್ಲ, ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡ.

ಜಲಜಾ ಮೇಜಿನ ಮುಂದೆ ಬಗ್ಗಿ, ಮುಟ್ಟದೆ, ಫೋನಿನ ಕ್ಯಾಮೆರಾ ಹಿಗ್ಗಿಸಿ ಗುಂಡನ್ನು ತಿರುತಿರುಗಿ ನೋಡಿದಳು. ಆಮೇಲೆ ಕುರ್ಚಿ ಎಳೆದು ಕೂತಳು. ಹಾಗೆ ಕೂತಳೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ.

"ಚೀಲ ಎಲ್ಲಿತ್ತು?"

"ಈ ಕುರ್ಚಿ ಮೇಲೆ," ಎಂದಳು ಲಿಂಡಾ. "ಊಟದ ಹೊತ್ತಿಗೆ ಎಲ್ಲರೂ ಇಲ್ಲೇ ಓಡಾಡಿದ್ದೇವೆ. ಯಾರು ಬೇಕಾದ್ರೂ ಹಾಕಿರ್ಬಹುದು."

"ಕ್ಲಾರೆನ್ಸ್ ಡಾರ್ವಿನ್‌ಗೆ ಹೋಗದಿದ್ರೆ ಆ ಜಾಗ ಯಾರಿಗೆ?"

"ಆಲನ್‌ಗೆ. ಇಲ್ಲಾಂದ್ರೆ ಅನಂತ ಅಂಕಲ್‌ಗೆ."

ಆಲನ್ ಎದ್ದು ನಿಂತ. ಕಂಟೇನರ್ ವಿಭಾಗದವನು, ಮೂವತ್ತರ ಆಸುಪಾಸು.

"ಹೌದು, ನಂಗೆ ಆ ಪೋಸ್ಟ್ ಬೇಕಿತ್ತು. ಸೋ ವಾಟ್? ಅದಕ್ಕೆ ಇಂಥ ಕೆಲಸ ಮಾಡ್ಲಿಕ್ಕೆ ನಂಗೆ ಹುಚ್ಚಿಲ್ಲ ಲಾ!"

"ಗುಂಡಿನ ಬಗ್ಗೆ ನಿಮಗೆಷ್ಟು ಗೊತ್ತು?"

"ಕ್ಲಾರೆನ್ಸ್ ಜೊತೆ ಶೂಟಿಂಗ್ ಕ್ಲಬ್‌ಗೆ ನಾಲ್ಕೈದು ಸಲ ಹೋಗಿದ್ದೇನೆ. ತ್ರೀ-ನಾಟ್-ಎಯ್ಟ್ ನಾನೇ ಕೈಯಾರೆ ತುಂಬಿಸಿ ಹೊಡ್ದಿದ್ದೇನೆ." ಹೇಳಿಬಿಟ್ಟ ಮೇಲೆ ಅವನೇ ಬೆವರಿದ.

ಇವನೇ ಕಳ್ಳ ಎಂದು ನಾನು ಒಳಗೊಳಗೇ ತೀರ್ಪು ಕೊಟ್ಟುಬಿಟ್ಟೆ. ನನ್ನ ತೀರ್ಪು ಈವರೆಗೆ ಒಂದೂ ಸರಿಯಾದದ್ದಿಲ್ಲ.

"ಲಿಂಡಾ, ಇವತ್ತು ಬೆಳಗ್ಗೆಯಿಂದ ಏನಾದ್ರೂ ಬೇರೆ ಥರ ಕಾಣ್ತಾ?"

"ಎಂತದೂ ಇಲ್ಲ ಡಾಕ್ಟ್ರೆ. ದಿನಾ ಇದೇ ಗೋಳು. ಒಬ್ಬನಿಗೆ ಕೋವಿ ಪುರಾಣ, ಇನ್ನೊಬ್ಬರಿಗೆ ದೀಪ. ಪ್ಯಾಂಟ್ರಿ ಸಿಂಕ್ ತುಂಬ ಹುಣಸೆಹಣ್ಣಿನ ಚರಟ! ಶುಕ್ರವಾರ ತೊಳೀತಿದ್ರು, ಸಹಿಸ್ಕೊಳ್ತಿದ್ದೆ. ಈ ವಾರ ಇವತ್ತು, ಬುಧವಾರವೇ, ಶುರು ಮಾಡಿದ್ದಾರೆ."

ಮೂಲೆಯ ಕಪಾಟಿನ ಮೇಲೆ ಪುಟ್ಟ ಹಿತ್ತಾಳೆ ದೀಪವೊಂದು ಮಿನುಗುತ್ತಿತ್ತು. ಅದನ್ನು ಹಚ್ಚುವವರು ಅನಂತಪದ್ಮನಾಭ. ಉಡುಪಿ ಕಡೆಯವರು, ಐವತ್ತೈದು ದಾಟಿದ ವಿಧುರರು, ಕಚೇರಿಗೆಲ್ಲ ಹಿರಿಯರು. ಅವರು ಆಗಲೇ ಕ್ಲಾರೆನ್ಸನಿಗೆ ನೀರು ತಂದುಕೊಟ್ಟು ಬೆನ್ನು ಸವರುತ್ತಿದ್ದರು.

"ಹೆದರ್ಬೇಡ ಮಾರಾಯ. ಸಣ್ಣ ವಿಚಾರಣೆ ಮಾಡಿ ಬಿಡ್ತಾರೆ. ಹೆಚ್ಚೆಂದ್ರೆ ನಿನ್ನ ಪ್ರಯಾಣ ತಪ್ಪೀತು, ಅಷ್ಟೇ."

"ಅಷ್ಟೇನಾ?" ಜಲಜಾ ಅವರ ಕಡೆ ತಿರುಗಿದಳು. "ಡಾರ್ವಿನ್‌ನಲ್ಲಿ ನಿಮ್ಮವರು ಯಾರಾದ್ರೂ ಇದ್ದಾರಾ ಸಾರ್?"

ಅವರು ತಡವರಿಸಿದರು. "ಮಗಳು... ಸಮೀಕ್ಷಾ. ಎಂಟು ತಿಂಗಳ ಬಸುರಿ. ಗಂಡ ಬಿಟ್ಟು ಹೋಗಿದ್ದಾನೆ."

"ನೀವು ಆ ಪೋಸ್ಟ್ ಕೇಳಿದ್ರಾ?"

"ಎರಡು ಸಲ ಕೇಳಿದೆ. ವಯಸ್ಸಾಯ್ತು ಅಂದ್ರು."

ಗಾಜಿನಾಚೆ ಕಾವಲುಗಾರ ಗಡಿಯಾರ ನೋಡಿಕೊಳ್ಳುತ್ತಿದ್ದ. ನನಗೋ ಬಾಗಿಲು ಒಡೆದು ಓಡಿಬಿಡೋಣ ಅನ್ನಿಸಿತು.

"ಕ್ಲಾರೆನ್ಸ್," ಎಂದಳು ಜಲಜಾ, "ನೀವು ಹೆದರಿ ಇನ್ನೂ ಇದನ್ನ ಸರಿಯಾಗಿ ನೋಡೇ ಇಲ್ಲ. ಎದ್ದು ನೋಡಿ. ಇದರ ತಳ ಹೇಗಿದೆ?"

ಕ್ಲಾರೆನ್ಸ್ ಎದ್ದು ಬಗ್ಗಿದ. ಮರುಕ್ಷಣ ಅವನ ದನಿಯೇ ಬದಲಾಯಿತು.

"ಅರೆ! ತಳದಲ್ಲಿ ಅಂಚು ಹೊರಗೆ ಬಂದಿದೆ! ಇದು ತ್ರೀ-ನಾಟ್-ಎಯ್ಟ್ ಅಲ್ವೇ ಅಲ್ಲ. ತ್ರೀ-ನಾಟ್-ತ್ರೀ! ಯುದ್ಧಕಾಲದ್ದು! ನನ್ನ ರೈಫಲ್‌ಗೆ ಇದು ಹೊಕ್ಕುವುದೇ ಇಲ್ಲ!"

"ತಳದಲ್ಲಿ 43 ಅಂತ ಮುದ್ರೆಯೂ ಇದೆ. ಎಂಬತ್ತು ವರ್ಷ ದಾಟಿದ ಗುಂಡು," ಎಂದಳು ಜಲಜಾ. "ಆರು ತಿಂಗಳು ಕ್ಯಾಲಿಬರ್ ಅಳೆದೂ ಸುರಿದೂ ಆರಿಸಿದ ಮನುಷ್ಯ ಇದನ್ನ ಇಟ್ಕೊಳ್ಳಲ್ಲ. ತ್ರೀ-ನಾಟ್-ಎಯ್ಟ್ ಕೈಯಾರೆ ತುಂಬಿಸಿದ ಆಲನ್ನೂ ಇದನ್ನ ಆರಿಸಲ್ಲ. ಗುಂಡಿನ ದಪ್ಪ ಹೆಚ್ಚುಕಡಿಮೆ ಒಂದೇ ಅಲ್ವಾ, ಯಾವುದಾದ್ರೇನು ಅಂದ್ಕೊಳ್ಳೋದು ಗೋಡೆಯ ಹಾಳೆ ಮಾತ್ರ ಓದಿದವರು."

"ಹಾಗಾದ್ರೆ ನಾನಾ?" ಲಿಂಡಾ ಕಿರುಚಿದಳು.

"ಅಲ್ಲ. ಅಷ್ಟು ಹಳೇ ಹಿತ್ತಾಳೆ ಹಸಿರುಗಟ್ಟಿರುತ್ತೆ. ಇದು ಹೊಸದರ ಹಾಗೆ ಹೊಳೀತಿದೆ, ಆದ್ರೆ ಹೊಳಪಲ್ಲಿ ನಸುಗೆಂಪು, ಹುಳಿಯಲ್ಲಿ ತಿಕ್ಕಿದ್ದರ ಗುರುತು. ಆ ದೀಪದ ಬಣ್ಣವೂ ಅದೇ. ಅಂಚಿನ ಪಕ್ಕದ ಗೀರಲ್ಲಿ ಹುಣಸೆಯ ನಾರು ಇನ್ನೂ ಸಿಕ್ಕಿಕೊಂಡಿದೆ. ಅಂಗಡಿ ಪಾಲಿಶ್ ಹಚ್ಚಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ. ಕೈಗೆ ಅಭ್ಯಾಸವಾದದ್ದೇ ಬಂತು. ಅನಂತಪದ್ಮನಾಭ ಅವರೇ, ಬುಧವಾರ ದೀಪ ಯಾಕೆ ತೊಳೆದ್ರಿ?"

ಹಿರಿಯರು ನೆಲ ನೋಡಿದರು.

"ನಮ್ಮ ಬಾಡಿಗೆ ಮನೆ ಇರುವ ಜಾಗ ಮೊದಲು ರಬ್ಬರ್ ತೋಟ ಆಗಿತ್ತಂತೆ. ಕರಿಬೇವು ನೆಡ್ಲಿಕ್ಕೆ ಗುಂಡಿ ತೋಡುವಾಗ ಸಿಕ್ಕಿತು. ಒಂದು ತಿಂಗಳು ಇವನನ್ನ ತಡೆದ್ರೆ ನನ್ನನ್ನ ಕಳಿಸ್ತಾರೆ ಅಂತ... ಹೆರಿಗೆ ಹೊತ್ತಿಗೆ ಅವಳ ಹತ್ರ ಯಾರೂ ಇಲ್ಲ. ವರ್ಷಗಟ್ಟಲೆ ಜೈಲು ಅಂತ ನಂಗೆ ಗೊತ್ತೇ ಇರಲಿಲ್ಲ ತಾಯಿ!"

ಬೀಗ ತೆರೆದ ಸದ್ದಾಯಿತು. ಇಬ್ಬರು ಪೊಲೀಸರು ಒಳಗೆ ಬಂದರು. ಹಿರಿಯ ಅಧಿಕಾರಿ ಗುಂಡನ್ನು ನೋಡಿ, ನಮ್ಮೆಲ್ಲರ ಮುಖ ನೋಡಿ, ಮಲಯ್ ಭಾಷೆಯಲ್ಲಿ ಕೇಳಿದ: "ಸಿಯಾಪಾ ಪುನ್ಯಾ?"

ಯಾರದು? ಜಲಜಾ ತುಟಿ ಬಿಚ್ಚಲಿಲ್ಲ. ಕ್ಲಾರೆನ್ಸನೂ ಬಿಚ್ಚಲಿಲ್ಲ. ಆ ಒಂದು ನಿಮಿಷ ನನಗೆ ಯಾರ ಮೇಲೆ ಹೆಚ್ಚು ಕನಿಕರವಾಯಿತೋ ಇಂದಿಗೂ ಹೇಳಲಾರೆ.

"ನನ್ನದು," ಎಂದು ಅನಂತಪದ್ಮನಾಭರು ಮುಂದೆ ಬಂದರು.

ಕೋಳ ತೊಡಿಸುವಾಗ ಅವರು ಕ್ಲಾರೆನ್ಸನ ಕಡೆ ತಿರುಗಿದರು. "ಸಮೀಕ್ಷಾಳಿಗೆ ನೀನೇ ಹೇಳು ಮಾರಾಯ. ಪೊಲೀಸರಿಂದ ಕೇಳಿದ್ರೆ ಅವಳು ತಡ್ಕೊಳ್ಳಲಿಕ್ಕಿಲ್ಲ."

ಕ್ಲಾರೆನ್ಸನಿಗೆ ಸಿಟ್ಟು ನೆತ್ತಿಗೇರಿತು. ಐದು ವರ್ಷ ಒಟ್ಟಿಗೆ ಕೂತು ಉಂಡದ್ದನ್ನೆಲ್ಲ ಎತ್ತಿ ಬಾಯಿಗೆ ಬಂದಂತೆ ಬೈದ. ಕೊನೆಗೆ ಫೋನು ಕೈಗೆತ್ತಿಕೊಂಡು, ಅವರ ಮುಖ ನೋಡದೆ, "ನಂಬರ್ ಹೇಳಿ," ಎಂದ.