ಕಣಬೈಲಿನ ನಲವತ್ತು ಮನೆ

“ಅಯ್ಯಾ, ಆ ಗಡಿಗೆ ಮುಟ್ಬ್ಯಾಡಿ. ಇದ್ದಲ್ಲೇ ಇರ್ಲಿ ಅದು.”

ಪಾಯದ ಗುಂಡಿಯ ಅಂಚಿನಲ್ಲಿ ನಿಂತು ಊರಿನ ದುಗ್ಗಮ್ಮ ಕೂಗಿದಳು. ಓವರ್ಸೀಯರ್ ಮುಕುಂದಯ್ಯ ನಕ್ಕುಬಿಟ್ಟ. ಸಾಗರ ಪೇಟೆಯ ಆಚೆ, ಕಣಬೈಲಿನ ಗೋಮಾಳದಲ್ಲಿ ನಲವತ್ತು ಮನೆ ಕಟ್ಟಿಸಲು ಅವನು ಮೈಸೂರು ಕಡೆಯಿಂದ ಬಂದು ಹದಿನೈದು ದಿನವಾಗಿತ್ತು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ಮುಳುಗಲಿದ್ದ ಹಳ್ಳಿಗಳ ಜನಕ್ಕಾಗಿ ಈ ಮನೆಗಳು. ಕಣಬೈಲಿನವರಿಗೆ ಅವು ಬೇಡವಾಗಿದ್ದವು. ಇರುವುದೊಂದೇ ಬಾವಿ, ದನ ಮೇಯುವುದಕ್ಕೆ ಅದೊಂದೇ ಬಯಲು. ನಲವತ್ತು ಸಂಸಾರ ಬಂದು ಕೂತರೆ ನಾವೇನು ಮಾಡೋಣ ಎಂದು ಮೂರು ಸಲ ಅರ್ಜಿ ಬರೆದಿದ್ದರು. ಯಾರೂ ಉತ್ತರ ಕೊಟ್ಟಿರಲಿಲ್ಲ.

“ಯಾರು ಹೂತಿಟ್ಟಿದ್ದು?”

“ನಮ್ಮನೆಯೋರೇ.” ದುಗ್ಗಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. “ಇಲ್ಲಿ ಸಂಸಾರ ಹೂಡ್ದೋರ ಒಲೆ ಹತ್ತಬಾರ್ದು ಅಂತ ಮಾಡಿಟ್ಟಾರೆ. ನಿಮ್ಮ ಬಿಡಾರದಲ್ಲಿ ಹಸುಗೂಸು ಅದೆಯಲ್ಲ, ಅದ್ಕೇ ಹೇಳೋಕೆ ಬಂದೆ.”

“ನೋಡಮ್ಮ, ಮಳೆಗಾಲಕ್ಕೆ ಆ ಹಳ್ಳಿಗಳಿಗೆ ನೀರು ಏರುತ್ತೆ. ಗಡಿಗೆಗೆ ಹೆದರಿ ನಾನು ಕೂತರೆ ಆ ಜನ ಎಲ್ಲಿ ಮಲಗಬೇಕು?”

ಹೇಳಿದವನೇ ಗುದ್ದಲಿ ಬೀಸಿದ. ಗಡಿಗೆ ಒಡೆಯಿತು. ಒದ್ದೆ ಬೂದಿ, ಗಂಟುಬಿದ್ದ ಕೂದಲು, ತುಕ್ಕು ಹಿಡಿದ ಮೊಳೆಗಳು. ಬೂದಿ ತಣ್ಣಗಿದ್ದರೂ ಆಗಷ್ಟೇ ಏನೋ ಬೆಂದಂಥ ಕಮಟು ವಾಸನೆ ಮೂಗಿಗೆ ಅಡರಿತು. ಮುಕುಂದಯ್ಯ ಎಲ್ಲವನ್ನೂ ಬೂಟುಗಾಲಿನಿಂದ ಚದುರಿಸಿದ.

ಅಂದು ಮಧ್ಯಾಹ್ನ ಕೂಲಿಯವರ ಒಲೆ ಹತ್ತಲಿಲ್ಲ. ಸೌದೆ ಹಸಿಯಿರಬೇಕೆಂದು ಅವನು ಗದರಿದ. ಬಿಡಾರದಲ್ಲಿ ಹೆಂಡತಿ ಜಲಜಮ್ಮ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದರೆ, ಕಡ್ಡಿಯೇ ಸೌದೆಯ ಬಳಿ ಹೋಗಿ ಕಣ್ಣುಮುಚ್ಚುತ್ತಿತ್ತು. ಊರಿನಿಂದ ಕೆಂಡ ತರಿಸಿದರು. ಗೋಮಾಳದ ಗಡಿಯ ಗೂಟ ದಾಟುತ್ತಲೇ ಕೆಂಡ ಕಪ್ಪಾಯಿತು. ಮರುದಿನ ಕೂಲಿಯವರು ಹೇಳದೆ ಕೇಳದೆ ಹೊರಟುಹೋದರು.

ಮಾಘದ ಚಳಿ. ಮೂರನೆಯ ದಿನ ಹೊತ್ತು ಇಳಿಯುವಾಗ ಜಲಜಮ್ಮ ಕೂಗಿದಳು: “ರೀ, ಮಗು ಮೈ ಮುಟ್ಟಿ ನೋಡಿ. ಎದೆಗೆ ಒತ್ಕೊಂಡ್ರೂ ಬೆಚ್ಚಗಾಗ್ತಿಲ್ಲ.”

ಮೂರು ತಿಂಗಳ ಹೆಣ್ಣುಕೂಸು ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು. ಅಳುತ್ತಿರಲಿಲ್ಲ. ಮುಕುಂದಯ್ಯ ಅದನ್ನು ಕಂಬಳಿಯಲ್ಲಿ ಸುತ್ತಿ ಹೊರಗೆ ಬಂದ. ಬಯಲಿನ ಮೇಲೆ ಮಂಜು ಇಳಿಯುತ್ತಿತ್ತು. ಪಾಯದ ಗುಂಡಿಯಿಂದ ಸದ್ದು ಕೇಳಿಸಿತು. ಯಾರೋ ಊದುಕೊಳವೆ ಹಿಡಿದು ಒಲೆ ಊದುವ ಸದ್ದು.

ಫೂ… ಫೂ…

ಗುಂಡಿಯಲ್ಲಿ ಯಾರೂ ಇರಲಿಲ್ಲ. ಸದ್ದು ನಿಲ್ಲಲಿಲ್ಲ. ಒಂದೊಂದು ಊದಿಗೂ ಕೂಸಿನ ಉಸಿರು ಒಂದೊಂದು ಎಳೆ ಸಣ್ಣದಾಯಿತು. ಅವನು ಓಡಿದ. ಜಲಜಮ್ಮ ಹಿಂದೆ ಓಡಿದಳು. ಸದ್ದೂ ಬಂತು. ಬೆನ್ನಿಗೆ ಬಂತು. ಕಿವಿಗೆ ಬಂತು. ಫೂ. ಕೂಸಿನ ತುಟಿ ನೀಲಿಯಾಯಿತು. ಫೂ. ಕಣ್ಣು ಮೇಲಾಯಿತು. ದುಗ್ಗಮ್ಮನ ಮನೆ. ಬಾಗಿಲು. ಒದ್ದ. ಒಳಗೆ ಬಿದ್ದ.

ದುಗ್ಗಮ್ಮನ ಗಂಡ ಬೆಳ್ಳಪ್ಪ ಒಲೆಯ ಮುಂದೆ ಕೂತಿದ್ದ. ಕೂಸನ್ನು ಕಂಡು ಅವನ ಮುಖ ಬಿಳಿಚಿತು.

“ತಪ್ಪಾಯ್ತು, ಒಡೆದಿದ್ದು ನಾನು! ತೆಗೀರಿ ಇದನ್ನ!” ಮುಕುಂದಯ್ಯ ಅವನ ಕಾಲು ಹಿಡಿದ.

“ಕೂಸಿರೋದು ನಂಗೆ ಗೊತ್ತಿರ್ಲಿಲ್ಲ, ಸ್ವಾಮಿ. ಈಗ ಬರಿಗೈಲಿ ಹೋಗೋದಿಲ್ಲ ಅದು. ನಿಮ್ಮನೆ ಒಲೆ, ಕೂಸು ಬಿಡ್ಬೇಕಂದ್ರೆ ಇನ್ನೊಬ್ರ ಒಲೆ ಕೊಡ್ಬೇಕು. ಕೊಟ್ಮೇಲೆ ಮತ್ತೆ ಅದು ಹತ್ತೋದಿಲ್ಲ.”

ದುಗ್ಗಮ್ಮ ಎದ್ದಳು. ಕೊಡ ಎತ್ತಿದಳು. ಗಂಡನ ಮುಖವನ್ನೊಮ್ಮೆ ನೋಡಿದಳು. ಅವನು ತಲೆ ತಗ್ಗಿಸಿದ. ಅತ್ತೆಯ ಕಾಲದಿಂದ ಉರಿದ ಒಲೆಗೆ ಅವಳು ನೀರು ಸುರಿದಳು. ಹೊಗೆ ಮನೆಯನ್ನೆಲ್ಲ ತುಂಬಿತು. ಆ ಕತ್ತಲೆಯಲ್ಲಿ ಕೂಸು ಕಿಟಾರನೆ ಅತ್ತಿತು.

ಬೆಳ್ಳಪ್ಪನ ಮನೆಯಲ್ಲಿ ಮತ್ತೆ ಬೆಂಕಿ ಹತ್ತಲೇ ಇಲ್ಲ. ನೆನೆಸಿದ ಅವಲಕ್ಕಿ ತಿಂದು ದಿನ ದೂಡಿದರು. ದುಗ್ಗಮ್ಮ ಕಾಲಿಟ್ಟ ಮನೆಗಳ ಒಲೆಯೂ ಆರತೊಡಗಿದಾಗ, ಅರ್ಜಿಗೆ ಅವರ ಜೊತೆ ಹೆಬ್ಬೆಟ್ಟು ಒತ್ತಿದ್ದವರೇ ಬಾಗಿಲು ಹಾಕಿಕೊಂಡರು. ಗೋಮಾಳದಲ್ಲಿ ಒಲೆಗಳು ಹತ್ತಿ, ಕೂಲಿಯವರು ಮರಳಿ, ಮನೆಗಳು ಏಳತೊಡಗಿದವು. ಮೊದಲ ಮನೆ ನಿಮ್ಮದೇ, ಬನ್ನಿ ಎಂದು ಮುಕುಂದಯ್ಯ ಬೇಡಿಕೊಂಡ.

“ನಾವು ಬಂದ್ರೆ ನಲವತ್ತೂ ಆರ್ತಾವೆ, ಸ್ವಾಮಿ. ಕೂಸನ್ನ ಹುಷಾರಾಗಿ ನೋಡ್ಕೊಳಿ,” ಎಂದಷ್ಟೇ ಹೇಳಿದ ಬೆಳ್ಳಪ್ಪ.

ವೈಶಾಖದಲ್ಲಿ ಗಂಡಹೆಂಡಿರು ಪಾತ್ರೆಪಗಡಿ ಗಾಡಿಗೆ ಹೇರಿಕೊಂಡು ಹೊರಟರು. ಅದೇ ದಿನ ಎದುರಿನಿಂದ ಮುಳುಗಡೆಯ ಗಾಡಿಗಳು ಸಾಲಾಗಿ ಬರುತ್ತಿದ್ದವು. ದಾರಿ ಬಿಡಲು ನಿಂತಾಗ, ಮಡಿಲಲ್ಲಿ ತುಳಸಿಗಿಡದ ಡಬ್ಬಿ ಹಿಡಿದು ಕೂತಿದ್ದ ಹೆಂಗಸೊಬ್ಬಳು ದುಗ್ಗಮ್ಮನನ್ನು ನೋಡಿ ಕೇಳಿದಳು:

“ನಿಮ್ಮೂರೂ ಮುಳುಗ್ತದೇನಕ್ಕಾ?”

ದುಗ್ಗಮ್ಮ ಒಮ್ಮೆ ಹಿಂದಿರುಗಿ ನೋಡಿದಳು.

“ಹೂಂ, ತಂಗಿ,” ಎಂದಳು.