ಮೂರನೆಯ ಒನ್ಸ್ ಮೋರ್

"ಒನ್ಸ್ ಮೋರ್!"

ನೀಲಗಂಗಾ ಮೂರನೆಯ ಸಲ ಕೂಗಿದಾಗ ಪಕ್ಕದಲ್ಲಿದ್ದ ಅಜ್ಜಿ ಕಿವಿ ಮುಚ್ಚಿಕೊಂಡಳು.

"ಸಾವಕಾಶ ಕೂಗವಾ ನೀಲಾ, ನನ್ನ ಕಿವಿ ಹರದು ಹೋದಾವು!"

"ನೀನೂ ಕೂಗ ಆಯಿ!"

ಶಾಲೆಯ ಐದನೆಯ ಇಯತ್ತೆಯಲ್ಲಿ ನೀಲಾಳಷ್ಟು ದೊಡ್ಡ ದನಿ ಯಾರಿಗೂ ಇರಲಿಲ್ಲ. ಹೆಂಗಸರ ಚಾಪೆಯಿಂದ ಅವಳು ಕೂಗಿದ್ದೇ ತಡ, ಗಂಡಸರ ಕಡೆಯೂ ಕೂಗು ಎದ್ದಿತು. ಬಾಳೆಹೊಸೂರಿನಿಂದ ಬಂಡಿ ಕಟ್ಟಿಕೊಂಡು ಬಂದವರಂತೂ ಸಿಳ್ಳೆ ಹಾಕಿದರು.

ಕನ್ನಡ ನಾಡೆಲ್ಲ ಒಂದಾದ ವರ್ಷ ಅದು. ಲಕ್ಷ್ಮೇಶ್ವರಕ್ಕೆ ನಾಟಕ ಕಂಪನಿ ಬಂದು ಹದಿನೈದು ದಿನವಾಗಿತ್ತು. ಒಂದೇ ಮನೆಯವರ ಕಂಪನಿ. ಅಪ್ಪ ಉಳವಪ್ಪನದು ಹಾರ್ಮೋನಿಯಂ, ಅವ್ವ ರಾಣಿ, ಕಾಕಾ ಕಳ್ಳರ ನಾಯಕ, ಮಗಳು ಸುಮಿತ್ರಾ ಕಾಡಿನಲ್ಲಿ ಕಳೆದುಹೋದ ರಾಜಕುಮಾರ. ಹಗಲು ಹೊತ್ತು ಈ ರಾಜಕುಮಾರ ಶಾಲೆಯಲ್ಲಿ ನೀಲಾಳ ಪಕ್ಕ ಕೂತು ಲೆಕ್ಕ ತಪ್ಪು ಮಾಡುತ್ತಿದ್ದ! ಅಂಥ ಗೆಳತಿಗೆ ಇಷ್ಟೂ ಕೂಗದಿದ್ದರೆ ಹೇಗೆ?

ಸುಮಿತ್ರಾ ಮತ್ತೆ ಹಾಡಿದಳು. ಮೇಲಿನ ಸ್ವರ ಮುಟ್ಟುವಾಗ ದನಿ ಸ್ವಲ್ಪ ಜಾರಿತು. ನೀಲಾ ಚಪ್ಪಾಳೆಯ ಭರದಲ್ಲಿದ್ದಳು, ಅದು ಅವಳಿಗೆ ಗೊತ್ತೇ ಆಗಲಿಲ್ಲ.

ಅಂಕ ಮುಗಿದು ಪರದೆ ಬಿದ್ದೊಡನೆ ಅವಳು ಸ್ಟೇಜಿನ ಹಿಂದೆ ಓಡಿದಳು. ಶಾಬಾಸ್ ಅನ್ನಿಸಿಕೊಳ್ಳುವ ಆಸೆ. ಅಲ್ಲಿ ರಾಜಕುಮಾರ ಕೊರಳಿಗೆ ಹಳೆ ಸೀರೆ ಸುತ್ತಿಕೊಂಡು ಬಿಸಿನೀರು ಕುಡಿಯುತ್ತಿದ್ದ.

"ಏನಾತ ಸುಮಿ?"

"ಗಂಟಲಾ ಕಟ್ಟೇತಿ," ಸುಮಿತ್ರಾ ಪಿಸುಗುಟ್ಟಿದಳು. "ಇನ್ನೂ ಒಂದು ಹಾಡು ಐತಿ. ಹೆಣ್ಣಮಕ್ಕಳ ಕಡೆ ಯಾವಾಕಿನೋ ಒಬ್ಬಾಕಿ ಅದಾಳ ನೋಡು, ಆಕಿ ಸುರು ಮಾಡಿದ್ರ ಊರ ಮಂದಿಯೆಲ್ಲಾ ಒದರತೈತಿ."

ಚಪ್ಪಾಳೆ ಹೊಡೆದ ಕೈಗಳನ್ನು ನೀಲಾ ಬೆನ್ನ ಹಿಂದೆ ಅಡಗಿಸಿದಳು.

"ಆಗೂದಿಲ್ಲ ಅಂತ ಹೇಳಿಬಿಡು."

"ಹಂಗ ಅನ್ನಾಕ ಬರೂದಿಲ್ಲ. ಮಂದಿ ಕೇಳಿದ್ರ ಹಾಡಾಕಬೇಕು, ಇಲ್ಲಾಂದ್ರ ಕಂಪನಿ ಹೆಸರು ಕೆಡತೈತಿ. ಹಾಡಿ ದನಿ ಒಡದ್ರ ನಾಳಿಂದ ಈ ಪಾರ್ಟು ಕಾಕಾನ ಮಗಳಿಗೆ."

ಒದರಿದವಳು ನಾನೇ ಎಂದು ಹೇಳಲು ನೀಲಾ ಬಾಯಿ ತೆರೆದಳು. ಅಷ್ಟರಲ್ಲಿ ಗಂಟೆ ಬಾರಿಸಿದರು. ಸುಮಿತ್ರಾ ಸೀರೆ ಬಿಚ್ಚಿಟ್ಟು ಓಡಿದಳು. ನೀಲಾ ಮುಖ ಸಣ್ಣದು ಮಾಡಿಕೊಂಡು ಚಾಪೆಗೆ ಬಂದಳು.

ಕಡೆಯ ದೃಶ್ಯ ಬಂತು. ರಾಣಿಯೆದುರು ನಿಂತು ರಾಜಕುಮಾರ ಹಾಡಿದ. ಕಡೆಯ ಸಾಲು ಹೇಗೋ ದಡ ಮುಟ್ಟಿತು. ಚಪ್ಪಾಳೆ ಬಿತ್ತು. ಸುಮಿತ್ರಾ ಕಣ್ಣು ಮುಚ್ಚಿ ನಿಂತಳು.

ಗಂಡಸರ ಕಡೆಯಿಂದ ಯಾರೋ ಶುರು ಮಾಡಿದರು. "ಒನ್ಸ್..."

ನೀಲಾ ಧಡಕ್ಕನೆ ಎದ್ದು ನಿಂತಳು.

"ಬ್ಯಾಡ್ರಿ! ಮುಂದ ನಡೀಲಿ! ರಾಣಿ ಮಗನ್ನ ಅಪ್ಕೋತಾಳೋ ಇಲ್ಲೋ ನೋಡಬೇಕು!"

ಎಲ್ಲರೂ ತಿರುಗಿ ಅವಳನ್ನೇ ನೋಡಿದರು. ಆಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಆಯಿ ತಾನೂ ದನಿ ಎತ್ತಿದಳು.

"ಖರೆ ಐತಿ! ಪಾಪ, ಕೂಸು ಎಷ್ಟೊತ್ತು ಅವ್ವನ ಮುಂದ ನಿಲ್ಲಬೇಕು? ಮುಂದ ನಡೀಲಿ!"

"ಮುಂದ! ಮುಂದ!" ಎಂದು ಚಾಪೆಯ ಹೆಂಗಸರೆಲ್ಲ ಕೂಗಿದರು. ಅಷ್ಟು ಮಂದಿ ಒಮ್ಮೆಲೇ ಬಾಯಿ ಬಿಟ್ಟರೆ ಗಂಡಸರ ಸಿಳ್ಳೆ ಯಾರಿಗೆ ಕೇಳೀತು? ಉಳವಪ್ಪ ಹಾರ್ಮೋನಿಯಂ ಮೇಲೆ ಮುಂದಿನ ರಾಗ ಹಿಡಿದೇಬಿಟ್ಟ. ರಾಣಿ ಓಡಿಬಂದು ಮಗನನ್ನು ಅಪ್ಪಿಕೊಂಡಳು.

ಅವ್ವನ ಹೆಗಲ ಮೇಲಿಂದ ಸುಮಿತ್ರಾ ಹೆಂಗಸರ ಚಾಪೆಯ ಕಡೆ ನೋಡಿದಳು. ಆಗಲೂ ಈಗಲೂ ಒಂದೇ ದನಿ, ಅದೂ ದಿನಾ ಪಕ್ಕದಲ್ಲೇ ಕೇಳುವ ದನಿ. ಈಗ ಕೂಗಿದ್ದು ಯಾರೆಂದು ಅವಳಿಗೆ ತಿಳಿಯಿತು. ಮೊದಲು ಕೂಗಿದ್ದು ಯಾರೆಂಬುದೂ ತಿಳಿಯಿತು.

ಆಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬೇಕು ಅನ್ನಿಸಿತು ನೀಲಾಳಿಗೆ. ಆದರೆ ಅವಳು ಕೂರಲಿಲ್ಲ. ಗೆಳತಿ ಸರಿಯಾಗಿ ನೋಡಿ ಮುಗಿಸುವವರೆಗೂ ನಿಂತೇ ಇದ್ದಳು.