ಒಂದು ಅಸಲಿ, ಒಂದು ನಕಲಿ

ಡಬ್ಬಿ ಕೌಂಟರ್ ಮೇಲೆ ದಡ್ ಎಂದು ಬಿತ್ತು.

“ನಿಮ್ಮ ನಕಲಿ ಮಾಲು ನೀವೇ ಇಟ್ಕೊಳ್ಳಿ! ನಮ್ಮಮ್ಮನ ಕೈ ಮುರಿದಿದೆ!”

ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯವನು ಬೆಚ್ಚಿ ತಲೆ ಎತ್ತಿದ. ಎದುರಿಗೆ ಪಕ್ಕದ ಬೀದಿಯ ಟೈಲರ್. ಅವಳ ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

“ಅಯ್ಯೋ... ಹೇಗಾಯ್ತು?”

“ಹೇಗಾ? ಗಂಟೆ ಒತ್ತಿದ್ದಾರೆ, ಒತ್ತಿದ್ದಾರೆ... ಕೆಳಗೆ ಅದು ಬಾರಿಸಲೇ ಇಲ್ಲ, ಮಿಷನ್ ಸದ್ದಲ್ಲಿ ಅವರು ಕೂಗಿದ್ದೂ ನನಗೆ ಕೇಳಿಸಲಿಲ್ಲ! ಕೊನೆಗೆ ತಾವೇ ಎದ್ದು ಬಿದ್ದಿದ್ದಾರೆ!”

ಸೊಂಟದ ಆಪರೇಷನ್ ಆದ ಮೇಲೆ ಅಮ್ಮ ಮಹಡಿಯಲ್ಲೇ ಮಲಗಿದ್ದರು. ತಂತಿಯಿಲ್ಲದ ಆ ಗಂಟೆಯನ್ನು ಮಗಳೇ ಜೋಡಿಸಿದ್ದಳು. ಹಾಸಿಗೆಯ ಬಳಿಯ ಡಬ್ಬಿಯಲ್ಲಿ ಸಂಕೇತ ಕಳಿಸುವ ಒಂದು ರೇಡಿಯೊ ಮಾಡ್ಯೂಲ್, ಹೊಲಿಗೆ ಯಂತ್ರದ ಬಳಿಯ ಡಬ್ಬಿಯಲ್ಲಿ ಅದನ್ನು ಹಿಡಿಯುವ ಇನ್ನೊಂದು. ಬೆಸುಗೆ ಹಾಕುವುದನ್ನು ಕಲಿತದ್ದು ಇದೇ ಕೌಂಟರ್‌ನಲ್ಲಿ, ಇವನ ಕೈಯಿಂದಲೇ. ಕಲಿಸಿದವನನ್ನು ನಂಬಿದ್ದಳು. ನಂಬಿಕೆಗಿಂತ ಒಂದು ಹಿಡಿ ಹೆಚ್ಚೇ... ಅದಕ್ಕೇ ಈಗ ಮೈಯೆಲ್ಲ ಉರಿಯುತ್ತಿತ್ತು.

“ಹೋದ ವಾರ ರಿಪೇರಿ ಮಾಡಿಕೊಟ್ರಲ್ಲ, ಆವತ್ತಿಂದ ಹೀಗೆ. ಒಂದ್ಸಲ ಬಡ್ಕೊಳ್ಳುತ್ತೆ, ಇನ್ನೊಂದ್ಸಲ ಸತ್ತ ಹಾಗೆ! ಯಾವ ಕಸ ಹಾಕಿದ್ರಿ?”

ಡಬ್ಬಿ ಬಿಚ್ಚಿದವನ ಮುಖ ಬಿಳಿಚಿಕೊಂಡಿತು.

“ಕಸ ಅಲ್ಲ... ಅಸಲಿ ಹಾಕಿದ್ದೆ.”

“ಸುಳ್ಳು!”

ಅವನು ಕಪಾಟಿನ ಕಡೆ ನೋಡಿದ. ರಿಮೋಟಿನಿಂದ ಓಡುವ, ಅವನೇ ಕಟ್ಟಿದ ಪುಟ್ಟ ದೋಣಿ ಅಲ್ಲಿತ್ತು. ಅದರ ಹೊಟ್ಟೆ ಖಾಲಿ.

“ಅದರಿಂದ ಕಿತ್ತು ನಿಮ್ಮ ಈ ಡಬ್ಬಿಗೆ ಹಾಕಿದೆ. ಆದರೆ ನಿಮ್ಮ ಇನ್ನೊಂದು ಡಬ್ಬೀಲಿ ಇರೋದು ಅಗ್ಗದ ನಕಲಿ. ಮೊದಲು ಎರಡೂ ನಕಲಿ, ಹೊಂದ್ಕೊಂಡಿದ್ವು. ಅಸಲಿ ಜೊತೆ ಕೆಲವು ತಡವರಿಸುತ್ತವೆ. ಇಲ್ಲಿ ಎದುರುಬದುರು ಇಟ್ಟು ನೋಡ್ದೆ, ಬಾರಿಸ್ತು. ನಿಮ್ಮ ಮನೆಗೇ ಬಂದು ನೋಡಬೇಕಿತ್ತು. ತಪ್ಪು ನಂದೇ.”

“ಬದಲಾಯಿಸಿದ್ದನ್ನ ಯಾಕೆ ಹೇಳಲಿಲ್ಲ?”

“ನನ್ನ ದೋಣಿಯಿಂದ ಕಿತ್ತದ್ದು ಅಂತ ಹೇಳಿದ್ರೆ ನೀವು ತಗೋತಿರಲಿಲ್ಲ.”

“ಅದನ್ನ ತೀರ್ಮಾನಿಸೋಕೆ ನೀವ್ಯಾರು? ನಮ್ಮಮ್ಮನ ಗಂಟೆ ಏನು, ನಿಮ್ಮ ಗುಟ್ಟು ಬಚ್ಚಿಡೋ ಜಾಗಾನಾ?”

ಅವನು ದೋಣಿಯ ರಿಮೋಟನ್ನೂ ಬಿಚ್ಚಿ, ಒಳಗಿದ್ದ ಜೋಡಿ ಮಾಡ್ಯೂಲನ್ನು ಕಿತ್ತ. ಅಂಗಡಿಯ ಷಟರ್ ಎಳೆದು ಅವಳ ಹಿಂದೆ ಹೊರಟ.

ಇನ್ನು ಆ ದೋಣಿ ನೀರಿಗಿಳಿಯುವುದಿಲ್ಲ... ಅವಳಿಗೆ ಹೊಳೆಯಿತು. ಹೊಳೆದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು!

ಅವಳ ಮನೆಯಲ್ಲಿ ಅಸಲಿಗೆ ಅಸಲಿ ಜೋಡಿಸಿ, ಮಹಡಿಯಿಂದಲೇ ಅಮ್ಮನ ಸರಿಯಿದ್ದ ಇನ್ನೊಂದು ಕೈಲಿ ಒತ್ತಿಸಿದ. ಹೊಲಿಗೆ ಯಂತ್ರದ ಪಕ್ಕ ಗಂಟೆ ಮೊಳಗಿತು. ಬಾಗಿಲು ಮುಚ್ಚಿದರೂ ಮೊಳಗಿತು. ಅವಳಿಗೆ ಅಳು ಒತ್ತರಿಸಿತು. ಅವನು ಕೆಳಗಿಳಿದು ಬರುವಷ್ಟರಲ್ಲಿ ಕಣ್ಣೊರೆಸಿಕೊಂಡಳು.

“ಸಿಟ್ಟು ಇಳಿದಿಲ್ಲ ನಂಗೆ.”

“ಇಳಿಯೋದು ಬೇಡ. ಹೇಳದೇ ಇಟ್ಕೊಂಡಿದ್ದು ಇನ್ನೊಂದಿದೆ...”

“ಅದನ್ನೂ ಹೇಳಿಬಿಡಿ!”

“ನೀವಂದ್ರೆ ನಂಗೆ ಇಷ್ಟ.”

ಗಂಟೆ ಬಡಿದುಕೊಂಡಿತು.

“ಏನು ಬೇಕಮ್ಮಾ?”

“ನಂಗೇನೂ ಬೇಡ ಕಣೇ! ಅವನಿಗೆ ಉತ್ತರ ಕೊಡು!” ಮೇಲಿಂದ ಅಮ್ಮ ಕೂಗಿದರು.

ಅವಳು ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ನಾಳೆ ಬಂದು ಗಂಟೆ ನೋಡಿ.”

“ನಾಡಿದ್ದು?”

“ಎಲ್ಲಾನೂ ಬಾಯಿಬಿಟ್ಟೇ ಹೇಳಬೇಕಾ?”

“ಹೂಂ. ಹೇಳದಿದ್ರೆ ಏನಾಗುತ್ತೆ ಅಂತ ನೋಡಿದ್ವಲ್ಲ.”

“ದಿನಾ ಬನ್ನಿ,” ಎಂದು ಗದರಿದಳು.